ಸರಳು ಮುರಿಯುವ ತನಕ

ಸುಟ್ಟ ಬೆರಳನ್ನು ಬಾಯಿಗಿಟ್ಟುಕೊಂಡೇ ಕ್ಲಿಫರ್ಡ್ ಕುಲುಮೆಯಿಂದ ಮುರಿದ ಸರಳಿನ ಮೇಲಿನ ತುಂಡನ್ನು ಇಕ್ಕಳದಲ್ಲಿ ಎಳೆದು, ನೆಲಕ್ಕೆ ಬಿದ್ದಿದ್ದ ಕೆಳಗಿನದರ ಜೊತೆ ತಟ್ಟೆಗೆ ಹಾಕಿದ. ಹೊಸ ಸರಳನ್ನು ಅವಸರದಿಂದ ಅದರ ಜಾಗಕ್ಕೆ ತೂರಿಸತೊಡಗಿದ. ಅದು ತೂಕದ ಬಿಲ್ಲೆಗಳ ಸಮೇತ ಬಿದ್ದ ಸದ್ದು ಕ್ಯಾಂಟೀನಿನವರೆಗೂ ಹೋಗಿತ್ತು. ಪ್ರಯೋಗಾಲಯದ ಬಾಗಿಲಲ್ಲಿ ಹೇಜಲ್ ನಿಂತಿದ್ದಳು, ಕೈಯಲ್ಲಿ ಅರ್ಧ ಕುಡಿದ ಚಹಾ.

“ಮುರೀತಾ?”

“ಏನು?”

“ನಿನ್ನ ಹಲ್ಲು. ಸರಳು ಕಣೋ.”

ಜೆಟ್ ಎಂಜಿನ್ನಿನೊಳಗಿನ ಅಲಗುಗಳಿಗೆಂದು ಇಂಗ್ಲೆಂಡಿನ ಡರ್ಬಿಯಲ್ಲಿ ಬೆರೆಸಿದ ಮಿಶ್ರಲೋಹ ಅದು. ಪೆನ್ಸಿಲ್ ಗಾತ್ರದ ಸರಳನ್ನು ಉರಿಯುವ ಕುಲುಮೆಯಲ್ಲಿ ತೂಕ ಕಟ್ಟಿ ನೇತುಹಾಕಬೇಕು. ಅದು ಕೂದಲೆಳೆಯಷ್ಟು ಕೂದಲೆಳೆಯಷ್ಟು ಹಿಗ್ಗಿ ಯಾವಾಗ ಮುರಿಯುತ್ತದೆಂದು ಕಾಯುವುದೇ ಇಬ್ಬರ ಉದ್ಯೋಗ. “ಈ ಬಿಸಿಗೆ ವರ್ಷ ತಾಳಲ್ಲ ಇದು. ಮುರಿದ ವಾರವೇ ನಮ್ಮ ಮದುವೆ,” ಎಂದು ಸರಳು ನೇತುಹಾಕಿದ ದಿನ ಕ್ಲಿಫರ್ಡ್ ಹೇಜಲ್‌ಗೆ ಮಾತು ಕೊಟ್ಟಿದ್ದ. ದುರದೃಷ್ಟಕ್ಕೆ ಲೋಹ ಅತ್ಯುತ್ತಮವಾಗಿತ್ತು. ಒಂಬತ್ತು ವರ್ಷ ತಾಳಿತು. ಪ್ರತಿ ವರ್ಷ ಸರಳಿನ ಹುಟ್ಟುಹಬ್ಬಕ್ಕೆ ಮ್ಯಾನೇಜರ್ ಕೇಕ್ ತರಿಸುತ್ತಿದ್ದರು. ಕತ್ತರಿಸುವ ಗೌರವ ಹೇಜಲ್‌ಳದು. ಚಪ್ಪಾಳೆ ತಟ್ಟುವವರಲ್ಲಿ ಕ್ಲಿಫರ್ಡನದೇ ಎಲ್ಲರಿಗಿಂತ ಜೋರು. ಮದುವೆಗೆಂದು ಹೇಜಲ್‌ಳ ತಾಯಿ ಕೊಂಡಿದ್ದ ಟೋಪಿ ಊರಿನ ಹಲವು ಶವಸಂಸ್ಕಾರಗಳಿಗೆ ಹೋಗಿಬಂತು. ತಾಯಿಯ ಶವಸಂಸ್ಕಾರಕ್ಕೆ ಮಾತ್ರ ಹೋಗಲಿಲ್ಲ, ಹಾಕಿಕೊಳ್ಳುವವರು ಇರಲಿಲ್ಲ.

“ಮುರಿದಿದೆ, ಇಲ್ಲ ಅನ್ನಲ್ಲ,” ಎಂದ ಕ್ಲಿಫರ್ಡ್, ಅವಳ ಕಡೆ ತಿರುಗದೆ. “ಆದ್ರೆ ಒಂದು ಸಲ ಮುರಿದ್ರೆ ವಿಜ್ಞಾನ ಆಗಲ್ಲ ಕಣೇ. ಕನಿಷ್ಠ ಮೂರು ಮುರೀಬೇಕು, ಸರಾಸರಿ ತೆಗೀಬೇಕು. ಒಂದೇ ಸರಳು ನಂಬ್ಕೊಂಡು ಯಾರಾದ್ರೂ ವಿಮಾನ ಹಾರಿಸ್ತಾರಾ?”

“ಅಯ್ಯೋ, ಅದ್ಹೇಗೆ ಹಾರಿಸ್ತಾರೆ. ಎರಡನೇದು ಮುರಿಯೋ ಹೊತ್ತಿಗೆ ನಂಗೆ ಪಿಂಚಣಿ. ಮೂರನೇದಕ್ಕೆ ನನ್ನ ಶವಪೆಟ್ಟಿಗೆ ಹೊರೋರನ್ನ ಈಗಲೇ ಹುಡುಕಿಡು.”

ಅವಳು ಚಹಾ ಕೆಳಗಿಟ್ಟು ತಟ್ಟೆಯ ಮುಂದೆ ಕೂತಳು. ತುಂಡುಗಳು ಕೆಂಪಿನಿಂದ ಕಪ್ಪಾಗಿ, ಕಪ್ಪಿನಿಂದ ಬೂದಾಗಿ, ಮುಟ್ಟುವಷ್ಟು ತಣ್ಣಗಾಗುವವರೆಗೆ ಅವುಗಳಿಂದ ಕಣ್ಣು ಕೀಳದೆ ನೋಡುತ್ತಿದ್ದಳು. ಬೈದಿದ್ದರೆ ಕ್ಲಿಫರ್ಡ್ ತಾಳಿಕೊಳ್ಳುತ್ತಿದ್ದ. ಕೊನೆಗೆ ಹೊಸ ಸರಳನ್ನು ಹೊರಗೆಳೆದು ಡಬ್ಬಿಗೆ ಹಾಕಿದ.

“ಸರಿ ಮಾರಾಯ್ತಿ. ಈ ವಾರವೇ ಆಗಲಿ. ರಿಜಿಸ್ಟ್ರಾರ್ ಆಫೀಸಿಗೆ ಈಗಲೇ ಫೋನ್ ಮಾಡ್ತೀನಿ. ಟೋಪಿನೂ ನಾನೇ ಕೊಡಿಸ್ತೀನಿ.”

ಸರಳು ಎಷ್ಟು ಹಿಗ್ಗಿ ಮುರಿಯಿತೆಂದು ಅಳೆಯುವುದು ಅಲ್ಲಿನ ಕೊನೆಯ ಕೆಲಸ. ಹೇಜಲ್ ಎರಡೂ ತುಂಡುಗಳ ತುದಿಗಳನ್ನು ಜೋಡಿಸಿ ಅಳತೆಪಟ್ಟಿಗೆ ಹಿಡಿದಳು. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಕೂತು, ಮುರಿದೇ ಇಲ್ಲವೇನೋ ಅನ್ನಿಸುವಂತಿತ್ತು. ಅಳತೆ ನೋಡಿಕೊಂಡು ಕೈಬಿಟ್ಟಳು. ತುಂಡುಗಳು ಮೇಜಿನ ಮೇಲೆ ಒಂದು ಆ ಕಡೆ, ಒಂದು ಈ ಕಡೆ ಉರುಳಿದವು.

“ಬೇಡ,” ಎಂದಳು.