ಕುರ್ಚಿಯಲ್ಲಿ ಆಡಿದ ಮಾತು

“ಕೂದಲಷ್ಟೇ ಕತ್ತರಿಸು. ಮಾತು ಬೇಡ,” ಎನ್ನುತ್ತ ಮೇಷ್ಟ್ರು ಕುರ್ಚಿಯಲ್ಲಿ ಕೂತರು.

ಸೆಲೂನಿನವನ ಕೈ ಅಲ್ಲೇ ನಿಂತಿತು. ಹನ್ನೆರಡು ವರ್ಷದಿಂದ ತಿಂಗಳಿಗೊಮ್ಮೆ ತಪ್ಪದೆ ಬರುವ ಮನುಷ್ಯ. ಕುತ್ತಿಗೆಗೆ ಬಟ್ಟೆ ಕಟ್ಟುವಷ್ಟರಲ್ಲೇ ಶುರುವಾಗುತ್ತಿತ್ತು: ಶಾಲೆಯ ರಾಜಕೀಯ, ಮಂಡಿನೋವು, ಹೋದ ಸಲವಂತೂ ಯಾರಿಗೂ ಹೇಳದ ಮಗಳ ಸಂಗತಿ. ಯಾವಾಗಲೂ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. ಇವತ್ತು ಕಣ್ಣು ಮುಚ್ಚದೆ ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದರು.

“ನನ್ನಿಂದ ಏನಾದ್ರೂ ತಪ್ಪಾಯ್ತಾ ಮೇಷ್ಟ್ರೇ?”

“ನಿನ್ನೆ ಮನೆಗೆ ಯಾರೋ ಹೆಂಗಸು ಫೋನ್ ಮಾಡಿದ್ರು. ಮಗಳೇ ಎತ್ತಿದ್ಲು. ಮುಖದ ಬಂಗಿನ ಕಲೆಗೆ ಒಳ್ಳೇ ಕ್ರೀಮ್ ಇದೆ, ಹಚ್ಕೋ, ಬೇಕಾದ್ರೆ ಮನೇಲೇ ಕೂತು ನೀನೂ ಮಾರಬಹುದು ಅಂದ್ರಂತೆ. ಅಷ್ಟೇ ಆಗಿದ್ರೆ ನಾನು ಸುಮ್ಮನಿರ್ತಿದ್ದೆ. ‘ಇನ್ಮೇಲೆ ಕನ್ನಡೀನ ಗೋಡೆ ಕಡೆ ತಿರುಗಿಸಿ ಇಡೋದು ಬೇಡಮ್ಮ’ ಅಂತಾನೂ ಅಂದ್ರಂತೆ.” ಮೇಷ್ಟ್ರು ಮುಂದುವರಿಸಿದರು: “ಅವಳು ಕನ್ನಡಿ ತಿರುಗಿಸಿ ಇಟ್ಟಿರೋದನ್ನ ಈ ಕುರ್ಚೀಲಿ ಬಿಟ್ರೆ ನಾನು ಬೇರೆಲ್ಲೂ ಹೇಳಿಲ್ಲ. ಈಗ ಅವಳು ನನ್ನ ಹತ್ರಾನೂ ಮಾತು ಬಿಟ್ಟಿದ್ದಾಳೆ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೆಲೂನಿನವನು ಕತ್ತರಿ ಆಡಿಸಿದ. ಕೊನೆಗೆ ಎಂದಿನಂತೆ ಹಿಂದಲೆ ತೋರಿಸಲು ಸಣ್ಣ ಕನ್ನಡಿ ಹಿಡಿದಾಗ ಮೇಷ್ಟ್ರು ಬೇಡವೆಂದು ಕೈಯಾಡಿಸಿ ಎದ್ದು ಹೋದರು.

ಫೋನ್ ಮಾಡಿದ್ದು ಯಾರೆಂದು ಅವನಿಗೆ ಯೋಚಿಸಬೇಕಾಗಿರಲಿಲ್ಲ. ಹೆಂಡತಿ ನಾಲ್ಕು ತಿಂಗಳಿಂದ ಯಾವುದೋ ಕಂಪನಿಯ ಕ್ರೀಮು, ಎಣ್ಣೆ, ಪುಡಿಗಳನ್ನು ಮನೆಯಿಂದಲೇ ಮಾರುತ್ತಿದ್ದಳು. ಮದುವೆಯಾಗಿ ಹದಿನೈದು ವರ್ಷ ಅವನು ಅಂಗಡಿಯ ಕಥೆ ಹೇಳಿದರೆ ಅವಳು ಒಲೆ ಕಡೆ ಮುಖ ಮಾಡಿಕೊಂಡು “ಹೂಂ” ಎನ್ನುತ್ತಿದ್ದಳು, ಅಷ್ಟೇ. ಈ ಒಂದು ತಿಂಗಳಿಂದ ಅದೇನಾಯಿತೋ, ಮಧ್ಯಾಹ್ನ ಅವನು ಊಟಕ್ಕೆ ಕೂತರೆ ಎದುರಿಗೇ ಕೂತು, ಅಂಗೈ ಮೇಲೆ ಗಲ್ಲ ಊರಿ, “ಇವತ್ತು ಯಾರು ಬಂದಿದ್ರು? ಏನಂದ್ರು?” ಎಂದು ಕೇಳುತ್ತಿದ್ದಳು. ಅವನಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಉಪ್ಪು ಖಾರ ಹಚ್ಚಿ, ಅವರವರ ದನಿಯಲ್ಲೇ ಹೇಳಿದ್ದೇ ಹೇಳಿದ್ದು. ಕೊನೆಗೂ ಹೆಂಡತಿಗೆ ತನ್ನ ಮೇಲೆ ಮನಸ್ಸು ಬಂತೆಂದು ಒಳಗೊಳಗೇ ಬೀಗಿದ್ದ, ಪಾಪ.

ಅಂದು ಊಟಕ್ಕೆ ಹೋದವನು ಕೈತೊಳೆಯುವ ಮೊದಲೇ ಕೇಳಿದ. “ಮೇಷ್ಟ್ರ ಮನೆಗೆ ಫೋನ್ ಮಾಡಿದ್ಯಾ?”

“ಮಾಡ್ದೆ. ಆ ಹುಡುಗಿಗೆ ಒಳ್ಳೇದಾಗ್ಲಿ ಅಂತ ತಾನೇ?” ಅವಳು ಮುಚ್ಚಿಡಲಿಲ್ಲ. “ತಿಂಗಳ ಕೊನೆಯೊಳಗೆ ಮೂರು ಜನರನ್ನ ನನ್ನ ಕೆಳಗೆ ಸೇರಿಸ್ಲಿಲ್ಲ ಅಂದ್ರೆ ನನ್ನನ್ನ ಮತ್ತೆ ಮೊದಲನೇ ಮೆಟ್ಲಿಗೆ ಇಳಿಸ್ತಾರೆ ರೀ. ಗೊತ್ತಿರೋರನ್ನೆಲ್ಲ ಕೇಳಿ ಆಯ್ತು. ನಮ್ಮಕ್ಕ ನನ್ನ ನಂಬರ್ ಕಂಡ್ರೆ ಫೋನೇ ಎತ್ತಲ್ಲ. ಕಂಪನಿ ಮೀಟಿಂಗಲ್ಲಿ ಮೇಡಂ ಹೇಳಿದ್ರು, ಗಿರಾಕೀನ ಹುಡುಕ್ಬೇಡಿ, ತೊಂದರೆ ಇರೋರನ್ನ ಹುಡುಕಿ ಅಂತ. ಅಂಥೋರು ಸಿಗೋಕೆ ನಿಮ್ಮ ಅಂಗಡಿಗಿಂತ ಬೇಕಾ?”

ಅವಳೇ ಹೋಗಿ ನೋಟ್‌ಬುಕ್ ತಂದುಕೊಟ್ಟಳು. ಸ್ಕೇಲ್ ಇಟ್ಟು ಗೆರೆ ಎಳೆದು ಮೂರು ಅಂಕಣ ಮಾಡಿದ್ದಳು: ಹೆಸರು, ತೊಂದರೆ, ಕೊಡಬೇಕಾದ ವಸ್ತು. ಟೈಲರ್, ಮದುವೆಗೆ ಮೊದಲೇ ಕೂದಲು ಉದುರುತ್ತಿದೆ, ಎಣ್ಣೆ. ಬ್ಯಾಂಕಿನ ಕ್ಯಾಷಿಯರ್, ರಾತ್ರಿ ನಿದ್ದೆಯಿಲ್ಲ, ಪುಡಿ. ಮೇಷ್ಟ್ರ ಮಗಳು, ಬಂಗು, ಕನ್ನಡಿ ತಿರುಗಿಸಿಟ್ಟಿದ್ದಾಳೆ, ಕ್ರೀಮ್. ಎಲ್ಲ ಅವನದೇ ಮಾತುಗಳು, ಒಂದೂ ಬಿಟ್ಟುಹೋಗಿರಲಿಲ್ಲ.

“ಕುರ್ಚೀಲಿ ಆಡಿದ ಮಾತನ್ನ ಕೂದಲ ಜೊತೆಗೇ ಗುಡಿಸಿ ಹಾಕ್ಬೇಕಿತ್ತು,” ಎಂದ ಅವನು. “ಮನೆಗೆ ಹೊತ್ಕೊಂಡು ಬಂದೋನು ನಾನು. ನಿನ್ನನ್ನ ಏನಂತ ಬೈಲಿ?”

ಹಾಳೆಗಳನ್ನು ಹಿಂದಕ್ಕೆ ತಿರುವುತ್ತ ಮೊದಲ ಪುಟಕ್ಕೆ ಬಂದ. ಮೊದಲ ಸಾಲಿನಲ್ಲೇ ‘ನಮ್ಮನೆಯವರು’ ಎಂದಿತ್ತು. ಮುಂದೆ ತೊಂದರೆಯ ಜಾಗದಲ್ಲಿ, ‘ಮನೆಯಲ್ಲಿ ಇವರ ಮಾತು ಕೇಳುವವರಿಲ್ಲ.’ ಕೊಡಬೇಕಾದ ವಸ್ತುವಿನ ಜಾಗ ಖಾಲಿಯಿತ್ತು.

“ಪಟ್ಟೀನ ನಿಮ್ಮನೆಯಿಂದಲೇ ಶುರು ಮಾಡಿ ಅಂದಿದ್ರು,” ಎಂದಳು ಹೆಂಡತಿ ಸಣ್ಣ ದನಿಯಲ್ಲಿ. “ಬರೆದಾದ ಮೇಲೆ ಓದ್ಕೊಂಡ್ರೆ ನಂಗೇ ಬೇಜಾರಾಯ್ತು. ಅವತ್ತಿಂದಲೇ ರೀ ನಿಮ್ಮೆದುರು ಕೂರೋಕೆ ಶುರು ಮಾಡಿದ್ದು. ಉಳಿದಿದ್ದೆಲ್ಲ ಆಮೇಲೆ ಬಂದಿದ್ದು.”

ಅದನ್ನು ನಂಬಬೇಕೋ ಬಿಡಬೇಕೋ ಅವನಿಗೆ ತಿಳಿಯಲಿಲ್ಲ. ನಂಬಬೇಕೆಂದು ಬಹಳ ಆಸೆಯಾಯಿತು. ನೋಟ್‌ಬುಕ್ ಮುಚ್ಚಿ ಅವಳ ಕೈಗೇ ಕೊಟ್ಟ.

ಮರುದಿನ ಮಧ್ಯಾಹ್ನ ಅವನು ಬರುವಷ್ಟರಲ್ಲಿ ನೋಟ್‌ಬುಕ್ ಅಟ್ಟ ಸೇರಿತ್ತು. ಕ್ರೀಮಿನ ಡಬ್ಬಿಗಳ ಮೇಲೆ ಹಳೆಯ ಟವೆಲ್ ಹೊದಿಸಿತ್ತು. ಅವಳು ತಟ್ಟೆ ಇಟ್ಟು, ಎದುರಿಗೆ ಕೂತು, ಅಂಗೈ ಮೇಲೆ ಗಲ್ಲ ಊರಿದಳು.

“ಇವತ್ತು ಯಾರು ಬಂದಿದ್ರು?”

“ನಾಲ್ಕು ಜನ ಬಂದಿದ್ರು. ಕೂದಲು ಕತ್ತರಿಸ್ದೆ,” ಎಂದು ಅವನು ತಟ್ಟೆಯ ಕಡೆ ಬಗ್ಗಿದ.

ಅವನು ಉಂಡು ಕೈತೊಳೆದು ಅಂಗಡಿಗೆ ಹೊರಟರೂ ಅವಳು ಗಲ್ಲದ ಕೈ ತೆಗೆಯದೆ ಹಾಗೇ ಕೂತಿದ್ದಳು.