ಮಣಿಕಟ್ಟಿನ ಬಿಳಿ ಗೆರೆ

"ಕೈ ತಾ ಬೇ, ಲಗೂ!" ಗಂಗಾಬಾಯಿ ಹದಿನೈದರ ಮಗಳ ಮಣಿಕಟ್ಟಿನ ಕೆಂಪು ದಾರಕ್ಕೆ ಕುಡುಗೋಲು ಹಿಡಿದಳು. ದಂಡು ಬಂದ ಮೇಲೆ ಊರು ಸುಲಿದಿದ್ದ ರಜಾಕಾರರು ಓಡಿಹೋಗಿದ್ದರು, ಈಗ ಸೇಡಿಗೆ ಬಡಿಗೆ ಹಿಡಿದ ಗಂಡಸರು ಮುಸಲ್ಮಾನರನ್ನು ಹುಡುಕುತ್ತ ಮನೆಮನೆಗೆ ನುಗ್ಗುತ್ತಿದ್ದರು. ಆಳಂದದ ದರ್ಗಾಕ್ಕೆ ಹರಕೆ ಹೊತ್ತು ಹೆತ್ತವಳು, ಮಗಳಿಗೆ ಫಕೀರವ್ವ ಅಂತ ಹೆಸರಿಟ್ಟವಳು ಇದೇ ತಾಯಿ. ಮೊಹರಮ್ಮಿಗೊಮ್ಮೆ ಆ ಹರಕೆಯ ದಾರ ಕಟ್ಟುತ್ತಿದ್ದವಳು ಪಕ್ಕದ ಮನೆಯ ಜೈನಾಬಿ.

"ಜೈನಾಬಿ ಅಕ್ಕ ಕಟ್ಟಿದ್ದು, ಯವ್ವಾ."

"ಆಕಿ ಹೆಣ ಬಾವ್ಯಾಗ ತೇಲಿದ್ದು ನೀ ನೋಡಿಲ್ಲೇನ? ಇವತ್ತಿಂದ ನೀ ನಿಂಬೆವ್ವ. ತಿಳೀತೇನ?" ದಾರ ಕಡಿದು ಒಲೆಗೆ ಬಿತ್ತು. ಮಣಿಕಟ್ಟಿನ ಮೇಲೆ ಬಿಸಿಲು ಕಾಣದ ಬಿಳಿ ಗೆರೆಯೊಂದು ಉಳಿಯಿತು.

ಅಷ್ಟರಲ್ಲಿ ಬಡಿಗೆಯವನೊಬ್ಬ ಬಾಗಿಲಿಗೆ ಬಂದು ನಿಂತ. "ಹೆಸರೇನ ಬೇ ನಿಂದು?"

"ನಿಂಬೆವ್ವ ರೀ," ಎಂದಳು ತಾಯಿ.

"ನಿನಗ್ಯಾರು ಕೇಳ್ಯಾರ? ಆಕಿ ಹೇಳ್ಲಿ."

ಹುಡುಗಿ ಬಾಯಿ ತೆರೆದಳು. ಆಗಲೇ ಹಿತ್ತಲ ಬಾವಿಯ ಕಡೆಯಿಂದ, ದಿನಾ ನೀರಿಗೆ ಕರೆಯುತ್ತಿದ್ದ ಅದೇ ದನಿ ಅವಳೊಬ್ಬಳಿಗೇ ಕೇಳಿಸಿತು: "ಫಕೀರವ್ವಾ..."

ಅವಳು ಬಿಳಿ ಗೆರೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

"ಓ... ಬಂದೆ, ಜೈನಾಬಿ ಅಕ್ಕಾ," ಎಂದಳು.