ಕರಡಿಯ ಮನೆಯ ಹೊಸ್ತಿಲು

ಗಂಡನ ಅಂಗಿಯ ಕಾಲರಿನ ಮೇಲೆ ಅವಳು ಇಸ್ತ್ರಿಪೆಟ್ಟಿಯನ್ನು ಒತ್ತಿದ ರಭಸಕ್ಕೆ ಮೇಜು ಕಿರುಗುಟ್ಟಿತು.

ಕಾಗದ ಇಲ್ಲ. ಆರು ತಿಂಗಳಿಂದ ಬೀರುವಿನಲ್ಲಿ, ಹಾಸಿದ ಪೇಪರಿನ ಕೆಳಗೆ ಬಚ್ಚಿಟ್ಟಿದ್ದು ಈಗ ಇಲ್ಲ. ‘ಅಣ್ಣಾ, ಇವರ ಕೈಲಿ ಏಟು ತಿಂದು ಸಾಕಾಗಿದೆ. ಬಂದು ನನ್ನನ್ನೂ ಮಗಳನ್ನೂ ಕರೆದುಕೊಂಡು ಹೋಗು.’ ವಿಳಾಸವನ್ನೂ ಬರೆದಿದ್ದಳು. ಅಂಚೆಗೆ ಹಾಕುವ ಧೈರ್ಯ ಮಾತ್ರ ಬಂದಿರಲಿಲ್ಲ.

ಆ ಬೀರುವಿಗೆ ಕೈ ಹಾಕುವ ಇನ್ನೊಬ್ಬರೆಂದರೆ ಅತ್ತೆ. ಅವರಿಗೆ ಅಕ್ಷರ ಬಾರದು, ಪಿಂಚಣಿಗೂ ಹೆಬ್ಬೆಟ್ಟೇ ಎಂದುಕೊಂಡು ಲಕೋಟೆಯನ್ನು ಅಂಟಿಸಿಯೂ ಇರಲಿಲ್ಲ. ಓದಲು ಬಾರದಿದ್ದರೇನು, ಮಗನ ಕೈಗೆ ಕೊಡಲು ಬರುವುದಿಲ್ಲವೇ? ಅವನು ಬರುವುದು ಏಳಕ್ಕೆ. ಈಗ ಆರೂವರೆ.

ಅತ್ತೆ ಆಗಷ್ಟೇ ಹೊರಗಿನಿಂದ ಬಂದರು. ಮೂರು ತಿಂಗಳಿಂದ ದಿನಾ ಸಂಜೆ ಪಕ್ಕದ ಬೀದಿಯಲ್ಲಿ ಹರಟೆ. ಬರುವಾಗ ಸೆರಗಿಗೆ ಬಿಳಿ ಪುಡಿ. ಯಾರ ಮನೆ ಗೋಡೆಗೆ ಒರಗಿ ನನ್ನ ಚಾಡಿ ಹೇಳುತ್ತಾರೋ ಎಂದು ಸೊಸೆ ಹಲ್ಲು ಕಚ್ಚಿದಳು. ಬೆಳಿಗ್ಗೆ ಬೇರೆ, “ನಿಮ್ಮಣ್ಣ ಇನ್ನೂ ಅದೇ ಮನೇಲೇ ಇದಾನೇನಮ್ಮಾ?” ಎಂದು ಕೆಣಕಿದ್ದರು.

ಮಗು ಅಜ್ಜಿಯ ತೊಡೆಯೇರಿತು. “ಅಜ್ಜೀ, ಕರಡಿ ಕಥೆ!”

ಅದೇ ಕಥೆ. ಶಾಪದಿಂದ ಕರಡಿಯಾದ ರಾಜಕುಮಾರ. ಎಷ್ಟು ಪರಚಿದರೂ ಸಹಿಸುವ ಹೆಂಡತಿ. ನೀರಿಗೆ ಹೋಗುವಾಗ ಅವಳು ದಿನಾ ಎಡವುವ, ಹೊಸ್ತಿಲ ಬಳಿಯ ಕಲ್ಲು. ಸಹಿಸುತ್ತಲೇ ಇದ್ದರೆ ಒಂದು ದಿನ ಕರಡಿ ಮನುಷ್ಯನಾಗುತ್ತದಂತೆ! ಪಾಠ ಯಾರಿಗೆಂದು ಸೊಸೆಗೆ ಗೊತ್ತಿತ್ತು. ಮೈಯೆಲ್ಲ ಉರಿಯಿತು.

“ಸಾಕು ಮಾಡಿ ಅತ್ತೆ! ಆ ಕರಡಿ ಯಾವತ್ತೂ ಮನುಷ್ಯ ಆಗಲ್ಲ!”

“ಆಗಲ್ಲ,” ಎಂದರು ಅತ್ತೆ. “ಇವನಪ್ಪನೂ ಆಗಲಿಲ್ಲ. ನಲವತ್ತು ವರ್ಷ ಕಾದೆ.”

“ಮತ್ತೆ ಯಾರಜ್ಜೀ ಮನುಷ್ಯ ಆಗಿದ್ದು?”

“ಹೊಸ್ತಿಲ ಹತ್ರ ಕಲ್ಲಿತ್ತಲ್ಲ ಪುಟ್ಟೀ, ಅದು ಕರಡಿಯ ಅಮ್ಮ. ಒಳಗಿನ ಕೂಗೆಲ್ಲ ಕೇಳಿಸ್ಕೊಂಡೂ ಸುಮ್ನೆ ಬಿದ್ದಿತ್ತು, ದರಿದ್ರದ್ದು. ಇವತ್ತು ಮಧ್ಯಾಹ್ನ ಎದ್ದು ನಡೀತು.”

“ಎಲ್ಲಿಗೆ?”

ಅತ್ತೆ ಬೆರಳಿನ ಸೀಮೆಸುಣ್ಣವನ್ನು ಸೆರಗಿಗೆ ಒರೆಸಿಕೊಂಡು, ರಿಜಿಸ್ಟರ್ ಅಂಚೆಯ ರಸೀದಿಯನ್ನು ಇಸ್ತ್ರಿ ಮೇಜಿನ ಮೇಲಿಟ್ಟರು.

“ನಿನ್ನ ಕಾಗದದ ಕೊನೇಲಿ ನಾನೂ ಒಂದು ಸಾಲು ಬರ್ದೆ ಕಣಮ್ಮಾ, ಅಕ್ಷರ ಸ್ವಲ್ಪ ಸೊಟ್ಟ: ‘ಇದೆಲ್ಲ ನಿಜ. ಬರೆದದ್ದು ಅವನ ಅಮ್ಮ.’”